ಸೂರಿಲ್ಲದ ಗುಡಿಯ ಅರವತ್ತನಾಲ್ವರು

ಜೂನ್ ನಡುವಿನಲ್ಲಿ ಒಡಿಶಾಕ್ಕೆ ಹೋಗಿ ಎಂದು ಯಾರೂ ಸಲಹೆ ಕೊಡುವುದಿಲ್ಲ. ಮಳೆ ಇನ್ನೂ ಹಿಡಿದಿರುವುದಿಲ್ಲ, ಸೆಖೆ ಬಿಟ್ಟಿರುವುದಿಲ್ಲ. ಬೆಳಗ್ಗೆ ಏಳಕ್ಕೇ ಬೆನ್ನಿಗೆ ಬಟ್ಟೆ ಅಂಟುತ್ತದೆ. ಆದರೆ ಸೂರ್ಯ ವೃಷಭ ಬಿಟ್ಟು ಮಿಥುನಕ್ಕೆ ಕಾಲಿಡುವುದು ಆಗಲೇ. ಆ ಸಂಕ್ರಮಣದ ಆಸುಪಾಸಿನ ಮೂರು ದಿನ ಭೂಮಿ ಮುಟ್ಟಾಗಿರುತ್ತಾಳೆಂದು ಅಲ್ಲಿನ ಜನ ನಂಬುತ್ತಾರೆ. ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಹೆಂಗಸರು ಬರಿಗಾಲಲ್ಲಿ ನೆಲ ತುಳಿಯುವುದಿಲ್ಲ, ರುಬ್ಬುವುದಿಲ್ಲ, ಹೆಚ್ಚುವುದಿಲ್ಲ. ಹೊಸ ಸೀರೆ ಉಟ್ಟು, ಪಾದಕ್ಕೆ ಅಲತೆಯ ಕೆಂಪು ಬಳಿದುಕೊಂಡು, ಆಲದ ಕೊಂಬೆಗೆ ಕಟ್ಟಿದ ಉಯ್ಯಾಲೆಯಲ್ಲಿ ತೂಗಿಕೊಳ್ಳುತ್ತಾರೆ. ಇದಕ್ಕೆ ರಜ ಪರ್ವ ಎಂದು ಹೆಸರು.

ನಮ್ಮ ರೈತರ ಲೆಕ್ಕದಲ್ಲಿ ಅದು ಮೃಗಶಿರಾ ಮಳೆಯ ಕಾಲ. ಅದು ಮುಗಿದು ಆರಿದ್ರಾ ಮಳೆ ಹುಟ್ಟುವ ಹೊತ್ತಿಗೆ, ಜೂನ್ 22ರ ಸುಮಾರಿಗೆ, ಗುವಾಹಟಿಯ ನೀಲಾಚಲ ಬೆಟ್ಟದ ಮೇಲೆ ಕಾಮಾಖ್ಯೆಯ ಬಾಗಿಲು ಮುಚ್ಚುತ್ತದೆ. ಅಲ್ಲಿ ದೇವಿಯೇ ಮುಟ್ಟಾಗುತ್ತಾಳೆ. ಆ ದಿನಗಳನ್ನು ಅಂಬುಬಾಚಿ ಎನ್ನುತ್ತಾರೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂದು ನಾವು ಆ ನಕ್ಷತ್ರದಿಂದ ಮಳೆಯನ್ನು ಎಣಿಸಿದೆವು. ಪೂರ್ವದ ಜನ ಅದೇ ನಕ್ಷತ್ರದಿಂದ ಹೆಣ್ಣಿನ ಮೈಯನ್ನೂ ಓದಿದರು. ಈ ಓದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ಜೊತೆಗೆ ಅಕ್ಕನ ಮಗಳಿದ್ದಳು. ಬೆಂಗಳೂರಿನಲ್ಲಿ ಕೆಲಸ, ಕೈತುಂಬ ಸಂಬಳ, ಮಾತಿನಲ್ಲಿ ಚುರುಕು. ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು. ಇಷ್ಟು ಹೇಳಿದರೆ ಕನ್ನಡದ ಬಹುಪಾಲು ಮನೆಗಳಲ್ಲಿ ಮಿಕ್ಕದ್ದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲಾ ಮಾವನಿಗಾಗದು, ಆಶ್ಲೇಷಾ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು. ಬಂದ ಸಂಬಂಧಗಳೆಲ್ಲ ಹುಡುಗಿಯನ್ನು ನೋಡುವ ಮೊದಲೇ ಜಾತಕ ನೋಡಿ ಹಿಂದೆ ಸರಿದಿದ್ದವು. ಅವಳ ಮುಖ ನೋಡದೆ, ದನಿ ಕೇಳದೆ, ಬದುಕಿರುವ ಒಬ್ಬ ಗಂಡಸಿನ ಸಾವಿಗೆ ಅವಳನ್ನು ಮುಂಚಿತವಾಗಿ ಹೊಣೆ ಮಾಡಿದ್ದರು. ಇದನ್ನು ಅವಳು ನಕ್ಕು ತೇಲಿಸುವುದನ್ನು ನೋಡಿದ್ದೇನೆ. ಆ ನಗುವಿನ ಕೆಳಗೆ ಏನಿದೆಯೆಂದು ಬಲ್ಲೆ.

ರೈಲಿನಲ್ಲಿ ಅವಳು ನನಗೆ ಲಿಲಿತ್ ಕಥೆ ಹೇಳಿದಳು. ಯಹೂದಿ ಪುರಾಣದಲ್ಲಿ ಆದಾಮನ ಮೊದಲ ಹೆಂಡತಿ. ಅವನ ಅಡಿಯಾಳಾಗಿ ಇರಲೊಲ್ಲೆ ಎಂದು ಬಿಟ್ಟುಹೋದವಳು. ಆಮೇಲೆ ಮಕ್ಕಳನ್ನು ಕೊಲ್ಲುವ ಪಿಶಾಚಿಯೆಂದು ಹೆಸರು ಹೊತ್ತವಳು. ಪಶ್ಚಿಮದ ಜ್ಯೋತಿಷಿಗಳು ಚಂದ್ರ ತನ್ನ ದಾರಿಯಲ್ಲಿ ಭೂಮಿಯಿಂದ ಅತಿ ದೂರ ಸರಿಯುವ ಬಿಂದುವಿಗೆ ಅವಳ ಹೆಸರಿಟ್ಟು, ಕಪ್ಪು ಚಂದ್ರ ಎಂದು ಕರೆದು, ಜಾತಕದಲ್ಲಿ ಗುರುತು ಹಾಕುತ್ತಾರೆ. ಆ ಬಿಂದು ಹನ್ನೆರಡು ರಾಶಿ ಸುತ್ತಿ ಬರಲು ಸುಮಾರು ಒಂಬತ್ತು ವರ್ಷ. "ನನ್ನ ಲಿಲಿತ್ ಎಂಟನೇ ಮನೆಯಲ್ಲಿದ್ದಾಳೆ, ಚಿಕ್ಕಮ್ಮ" ಎಂದಾಗ ಅವಳ ದನಿಯಲ್ಲಿ ಒಂದು ಹೆಮ್ಮೆಯಿತ್ತು. ಸಿಟ್ಟಿಗೆ ಒಂದು ಹೆಸರು ಸಿಕ್ಕಿದ್ದು ನನಗೂ ಸಮಾಧಾನವೇ. ಆದರೆ ನಮ್ಮ ಆಕಾಶದಲ್ಲೇ ಇರುವ ಹಿರಿಯರನ್ನು ಇವಳಿಗೆ ಯಾರೂ ತೋರಿಸಿಲ್ಲವಲ್ಲ ಎಂದು ಮನಸ್ಸು ಕಲಕಿತು.

ಭುವನೇಶ್ವರದಲ್ಲಿ ಮೊದಲು ಹೋದದ್ದು ವೈತಾಳ ದೇವುಳಕ್ಕೆ. ಬಿಂದುಸಾಗರದ ಪಡುವಣ ಬದಿಯ ಸಣ್ಣ ಗುಡಿ, 8ನೇ ಶತಮಾನದ ಕೊನೆಗಾಲದ್ದು. ಆಗ ಒಡಿಶಾವನ್ನು ಆಳುತ್ತಿದ್ದವರು ಭೌಮಕರರು. ಆ ವಂಶದಲ್ಲಿ ತ್ರಿಭುವನ ಮಹಾದೇವಿ, ಗೌರೀ ಮಹಾದೇವಿ, ದಂಡೀ ಮಹಾದೇವಿ ಹೀಗೆ ಹಲವು ರಾಣಿಯರು ತಾವೇ ಸಿಂಹಾಸನವೇರಿ ರಾಜ್ಯ ನಡೆಸಿದರು. ಗುಡಿಯ ಮುಂದೆ ಒಂದು ಗಿಡ್ಡ ಕಲ್ಲುಕಂಬ, ಬಲಿಗೆಂದು ನಿಲ್ಲಿಸಿದ್ದು. ಒಳಗೆ ಹಗಲಲ್ಲೂ ಕತ್ತಲೆ. ಕಾವಲಿನವರು ಮೊಬೈಲಿನ ಬೆಳಕು ಹಿಡಿದರು.

ನಾನು ಮೈಸೂರಿನವಳು. ಚಾಮುಂಡಿ ಎಂದರೆ ನನ್ನ ಕಣ್ಣಿಗೆ ಬರುವುದು ಆಷಾಢ ಶುಕ್ರವಾರದ ಅಲಂಕಾರ, ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರು, ದಸರೆಯ ದಿನ ಚಿನ್ನದ ಅಂಬಾರಿ. ಇಲ್ಲಿ ಕುಳಿತವಳ ಕಣ್ಣು ಗುಳಿಬಿದ್ದಿವೆ. ಹೊಟ್ಟೆ ಬೆನ್ನಿಗೆ ಹತ್ತಿದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಕೊರಳಲ್ಲಿ ರುಂಡಮಾಲೆ, ಕೆಳಗೆ ಹೆಣ, ಒಂದು ಬದಿಗೆ ಗೂಬೆ, ಇನ್ನೊಂದು ಬದಿಗೆ ನರಿ. ಇವಳೂ ಚಾಮುಂಡಿಯೇ. ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯೆಯಲ್ಲಿ ಚಂಡ ಮುಂಡರು ಅಂಬಿಕೆಯನ್ನು ಹಿಡಿದೊಯ್ಯಲು ಬಂದಾಗ ಸಿಟ್ಟಿನಿಂದ ಅವಳ ಮುಖ ಮಸಿಯಂತೆ ಕಪ್ಪಿಡುತ್ತದೆ, ಗಂಟಿಕ್ಕಿದ ಹುಬ್ಬಿನ ನಡುವಿನಿಂದ ಕಾಳಿ ಹೊರಬರುತ್ತಾಳೆ. ಆ ಇಬ್ಬರ ತಲೆ ತಂದೊಪ್ಪಿಸಿದ ಮೇಲೆ ಅಂಬಿಕೆ ಅವಳಿಗೆ ಚಾಮುಂಡೆ ಎಂಬ ಹೆಸರು ಕೊಡುತ್ತಾಳೆ. ಈ ಕಥೆಯಲ್ಲಿ ನನಗೆ ಯಾವಾಗಲೂ ದೊಡ್ಡದಾಗಿ ಕಂಡಿರುವುದು ಆ ನಾಮಕರಣ. ಹಣೆಯಿಂದ ಹೊರಬಂದ ತನ್ನದೇ ಸಿಟ್ಟಿಗೆ ಅಂಬಿಕೆ ಹೆದರುವುದಿಲ್ಲ, ನಾಚುವುದಿಲ್ಲ. ಕೆಲಸ ಒಪ್ಪಿಸುತ್ತಾಳೆ, ಮುಗಿಸಿ ಬಂದಾಗ ಹೆಸರಿಟ್ಟು ಮರ್ಯಾದೆ ಮಾಡುತ್ತಾಳೆ.

ಮೈಸೂರಿನಲ್ಲಿ ನಾವು ಆ ಸಿಟ್ಟಿಗೆ ರೇಷ್ಮೆ ಉಡಿಸಿದೆವು. ಆ ಅಲಂಕಾರದ ಮೇಲೆ ನನಗೆ ಪ್ರೀತಿಯಿದೆ, ಅದರ ಎದುರು ಕೈಮುಗಿದೇ ಬೆಳೆದವಳು. ಆದರೆ ಹಸಿದವಳು, ಮುಪ್ಪಾದವಳು, ಮೈಯಲ್ಲಿ ಮಾಂಸ ಉಳಿಯದಷ್ಟು ದುಡಿದವಳು ದೇವರ ಮುಂದೆ ನಿಂತು ತನ್ನದೇ ಮೈಯನ್ನು ಕಾಣುವುದು ಇಂಥ ಕತ್ತಲ ಗುಡಿಯಲ್ಲಿ. ಅಕ್ಕನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, "ಇವಳು ಯಾರಿಗೂ ಚೆನ್ನಾಗಿ ಕಾಣಬೇಕಾಗಿಲ್ಲ ಅಲ್ವಾ, ಚಿಕ್ಕಮ್ಮ" ಎಂದಳು.

ಸಂಕ್ರಾಂತಿಯ ದಿನ ಆಟೋ ಮಾಡಿಕೊಂಡು ಹೀರಾಪುರಕ್ಕೆ ಹೊರಟೆವು. ಪಟ್ಟಣದಿಂದ ಹದಿನೈದು ಕಿಲೋಮೀಟರ್ ಆಚೆಯ ಹಳ್ಳಿ. ದಾರಿಯ ಎರಡೂ ಬದಿ ಗದ್ದೆ ಖಾಲಿ, ಒಂದು ಎತ್ತೂ ಕಾಣಲಿಲ್ಲ. ಮರಮರಕ್ಕೂ ಉಯ್ಯಾಲೆ. ಪಾನ್ ಅಂಗಡಿಗಳಲ್ಲಿ ಮಾತ್ರ ನೂಕುನುಗ್ಗಲು. ರಜದ ಬೀಡಾ ಎಂದೇ ಬೇರೆ ತಯಾರಿ ಇದೆ.

ಹೀರಾಪುರದ ಚೌಷಠಿ ಯೋಗಿನಿ ಗುಡಿ, ಅಂದರೆ ಅರವತ್ತನಾಲ್ಕು ಯೋಗಿನಿಯರ ಗುಡಿ, ಹೊರಗಿನಿಂದ ನೋಡಿದರೆ ಗುಡಿಯೆಂದೇ ಅನ್ನಿಸುವುದಿಲ್ಲ. ಶಿಖರವಿಲ್ಲ, ಮಂಟಪವಿಲ್ಲ. ದುಂಡಗಿನ ಒಂದು ಮರಳುಗಲ್ಲಿನ ಗೋಡೆ, ಅದಕ್ಕೊಂದು ಗಿಡ್ಡ ಬಾಗಿಲು. ಊರವರಿಗೆ ಇದು ಮಹಾಮಾಯೆಯ ಗುಡಿ. ಅವರು ಪೂಜಿಸುತ್ತಲೇ ಇದ್ದ ಈ ಜಾಗ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1953ರಲ್ಲಿ, ಒಡಿಶಾ ವಸ್ತುಸಂಗ್ರಹಾಲಯದ ಕೇದಾರನಾಥ ಮಹಾಪಾತ್ರರು ಬಂದಾಗ. ಭೌಮ ವಂಶದ ರಾಣಿ ಹೀರಾದೇವಿ ಕಟ್ಟಿಸಿದಳೆಂದು ಪ್ರತೀತಿ. ಕಾಲ 9ನೇ ಶತಮಾನದ ಸುಮಾರು. ಹೊರಗೋಡೆಯ ಗೂಡುಗಳಲ್ಲಿ ಒಂಬತ್ತು ಮಂದಿ ಕಾತ್ಯಾಯನಿಯರು ಕಡಿದ ತಲೆಗಳ ಮೇಲೆ ಕಾವಲು ನಿಂತಿದ್ದಾರೆ. ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಬಗ್ಗಿ ದಾಟಿ ನೆಟ್ಟಗಾದರೆ ಅರವತ್ತು ಹೆಂಗಸರು ಸುತ್ತುಗಟ್ಟಿ ನೋಡುತ್ತಿರುತ್ತಾರೆ. ಉಳಿದ ನಾಲ್ವರು ನಡುವಿನ ಚಂಡೀ ಮಂಟಪದಲ್ಲಿ ಭೈರವರ ಜೊತೆಗಿದ್ದಾರೆ. ಒಂದು ಗೂಡು ಬರಿದಾಗಿದೆ.

ಕರಿಕಲ್ಲಿನಲ್ಲಿ ಕಡೆದ, ಎರಡಡಿಯ ಸುಮಾರಿನ ಮೂರ್ತಿಗಳು. ಹಲವರ ಕೈ ಮುರಿದಿವೆ, ಕೆಲವರ ಮುಖ ಸವೆದಿದೆ. ಆದರೂ ಇಬ್ಬರ ಜಡೆ ಒಂದೇ ತೆರನಾಗಿಲ್ಲ. ಒಬ್ಬಳದು ತುರುಬು, ಒಬ್ಬಳದು ಗುಂಗುರು, ಒಬ್ಬಳದು ಕೆದರಿದ ಕೂದಲು. ಒಬ್ಬಳಿಗೆ ಆನೆಯ ಮುಖ, ಒಬ್ಬಳಿಗೆ ಹಂದಿಯದು, ಇನ್ನೊಬ್ಬಳಿಗೆ ಸಿಂಹದ್ದು. ಒಬ್ಬಳು ಆಮೆಯ ಮೇಲೆ ನಿಂತಿದ್ದರೆ ಮತ್ತೊಬ್ಬಳು ಇಲಿಯ ಮೇಲೆ, ಮಗದೊಬ್ಬಳು ಹೆಣದ ಮೇಲೆ. ಒಬ್ಬಳು ಬಿಲ್ಲು ಹಿಡಿದಿದ್ದಾಳೆ, ಒಬ್ಬಳು ಕಪಾಲದಿಂದ ಕುಡಿಯುತ್ತಿದ್ದಾಳೆ, ಒಬ್ಬಳ ಮೈ ಎಲುಬಿನ ಗೂಡು. ಪಕ್ಕದ ಗೂಡಿನಲ್ಲೇ ತುಂಬುಮೈಯವಳು ಮುಗುಳ್ನಗುತ್ತಾಳೆ. ಸುಂದರಿಗೂ ಭಯಂಕರಿಗೂ ಕೊಟ್ಟಿರುವ ಗೂಡು ಒಂದೇ ಅಳತೆಯದು. ಬಾಗಿಲಿಗೆ ಎದುರಾಗಿರುವ ಹತ್ತು ಕೈಗಳ ಮಹಾಮಾಯೆಗೆ ಊರವರು ಕೆಂಪು ಸೀರೆ ಉಡಿಸಿ ಬಳೆ, ಸಿಂಧೂರ ಅರ್ಪಿಸುತ್ತಾರೆ. ಅಷ್ಟು ಬಿಟ್ಟರೆ ಆ ಸುತ್ತಿನಲ್ಲಿ ಮೇಲು ಕೀಳು ಎಂಬುದಿಲ್ಲ. ಕರಾಳವಾದ ಹೆಣ್ಣುಶಕ್ತಿಯನ್ನು ಅಪ್ಪಿಕೊಳ್ಳುವುದು ಎಂದು ಈಗ ಎಲ್ಲ ಕಡೆ ಕೇಳುತ್ತೇವೆ. ಸೌಮ್ಯಳಾಗಿದ್ದವಳು ಒಂದು ದಿನ ಕಪ್ಪು ಸೀರೆ ಉಟ್ಟು ಉಗ್ರಳಾಗಿಬಿಡುವಂತೆ ಅದನ್ನು ಬಣ್ಣಿಸುತ್ತಾರೆ. ಹೀರಾಪುರದ ಶಿಲ್ಪಿಗಳು ಅಂಥ ಆಯ್ಕೆಯನ್ನು ಮುಂದಿಟ್ಟಿಲ್ಲ. ಇಲ್ಲಿ ಕರಾಳೆಗೆ ಬೇರೆ ಗುಡಿಯಿಲ್ಲ, ಬೇರೆ ದಿನವಿಲ್ಲ. ಅರವತ್ತನಾಲ್ವರಲ್ಲಿ ಅವಳೂ ಒಬ್ಬಳು, ಅವಳನ್ನು ಬಿಟ್ಟರೆ ಸುತ್ತು ಮುಚ್ಚುವುದಿಲ್ಲ.

ಇಂಥ ಗುಡಿಗಳು ದೇಶದಲ್ಲಿ ಕೆಲವೇ ಉಳಿದಿವೆ: ಒಡಿಶಾದಲ್ಲೇ ರಾಣಿಪುರ ಝರಿಯಾಲ್, ಮಧ್ಯಪ್ರದೇಶದಲ್ಲಿ ಮಿತಾವಲಿ, ಖಜುರಾಹೊ, 81 ಯೋಗಿನಿಯರ ಭೇಡಾಘಾಟ್. ವಿದ್ಯಾ ದೆಹೇಜಿಯಾ ಇವನ್ನೆಲ್ಲ ಸುತ್ತಿ ಬರೆದ ಪುಸ್ತಕ 1986ರಲ್ಲಿ ಬಂತು; ಇವತ್ತಿಗೂ ಈ ವಿಷಯ ಹಿಡಿದವರೆಲ್ಲ ಅದರ ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ಯೋಗಿನಿ ಕೌಲ ಎಂಬ ಪಂಥದ ಮೂಲಗುರುವೆಂದು ಹೇಳುವ ಮತ್ಸ್ಯೇಂದ್ರನಾಥನ ಹೆಸರು ನಮ್ಮ ಮಂಗಳೂರಿನ ಕದ್ರಿಯಲ್ಲಿ ಈಗಲೂ ಜೀವಂತ. ಸೂರು ಯಾಕಿಲ್ಲ ಎಂಬುದಕ್ಕೆ ಅಲ್ಲಿದ್ದ ಹುಡುಗನೊಬ್ಬ ಸಲೀಸಾಗಿ ಉತ್ತರ ಕೊಟ್ಟ: ಯೋಗಿನಿಯರು ರಾತ್ರಿ ಹಾರಿಹೋಗಿ ಬೆಳಗಾಗುವಷ್ಟರಲ್ಲಿ ವಾಪಸು ಬರುತ್ತಾರೆ, ಮುಚ್ಚಿದರೆ ಹೇಗೆ?

ಜ್ಯೋತಿಷದಲ್ಲೂ ಈ ಯೋಗಿನಿಯರು ಸುತ್ತು ಹಾಕುತ್ತಾರೆ. ವಿಂಶೋತ್ತರಿ ದಶೆಯನ್ನು ಬಲ್ಲವರು ಬಹಳ, ಯೋಗಿನಿ ದಶೆಯನ್ನು ಬಲ್ಲವರು ಕಡಿಮೆ. ಮಂಗಳೆಗೆ 1 ವರ್ಷ, ಪಿಂಗಳೆಗೆ 2, ಧಾನ್ಯೆಗೆ 3, ಭ್ರಾಮರಿಗೆ 4, ಭದ್ರಿಕೆಗೆ 5, ಉಲ್ಕೆಗೆ 6, ಸಿದ್ಧೆಗೆ 7, ಸಂಕಟೆಗೆ 8. ಒಟ್ಟು 36 ವರ್ಷಕ್ಕೆ ಒಂದು ಸುತ್ತು. ಜನ್ಮನಕ್ಷತ್ರದ ಸಂಖ್ಯೆಗೆ 3 ಕೂಡಿಸಿ 8ರಿಂದ ಭಾಗಿಸಬೇಕು. ಉಳಿದ ಶೇಷ ಎಷ್ಟೋ ಅಷ್ಟನೆಯ ಯೋಗಿನಿಯ ಮಡಿಲಲ್ಲಿ ಮಗು ಹುಟ್ಟಿತು ಎಂದರ್ಥ. ಗುಡಿಯ ಕಟ್ಟೆಯ ಮೇಲೆ ಕೂತು ಅಕ್ಕನ ಮಗಳದನ್ನು ಲೆಕ್ಕ ಹಾಕಿದೆವು. ಮೂಲಾ 19ನೆಯದು, 22, ಶೇಷ 6. ಉಲ್ಕೆ, ಶನಿಯವಳು. "ಹುಟ್ಟುವಾಗಲೇ ಉರಿದುಕೊಂಡು ಬಂದೆ ಹಾಗಾದರೆ" ಎಂದು ಅವಳು ಸಂಭ್ರಮಪಟ್ಟಳು. ನಾನು ಗ್ರಹಗಳನ್ನು ತೀರ್ಪು ಕೊಡುವವರೆಂದು ನಂಬುವುದಿಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ತಿಳಿವಳಿಕೆ ಇದೆ. ಸಂಕಟೆ ಯಾರನ್ನೂ ಬಿಡುವುದಿಲ್ಲ, ಯಾರ ಬಳಿಯೂ ಉಳಿಯುವುದಿಲ್ಲ. ಎಂಟು ವರ್ಷ ಇದ್ದು ಮಂಗಳೆಯ ಕೈಗೆ ಒಪ್ಪಿಸಿ ಹೋಗುತ್ತಾಳೆ. ಒಬ್ಬಳೇ ಒಬ್ಬ ಯೋಗಿನಿ ಒಬ್ಬ ಹುಡುಗಿಯ ಇಡೀ ಬಾಳಿನ ಹಣೆಬರಹ ಎಂದು ಆ ಶಾಸ್ತ್ರವೇ ಹೇಳುವುದಿಲ್ಲ. ಹಾಗೆ ಹೇಳಿದವರು ಶಾಸ್ತ್ರವನ್ನು ಅರ್ಧಕ್ಕೇ ಓದಿ ಮಡಚಿಟ್ಟವರು.

ಆ ರಾತ್ರಿ ಗಾಳಿ ಬೀಸಿ ಮೋಡ ಸ್ವಲ್ಪ ಸರಿಯಿತು. ನಾವಿಳಿದಿದ್ದ ಮನೆಯ ತಾರಸಿಯಿಂದ ದಕ್ಷಿಣಕ್ಕೆ ವೃಶ್ಚಿಕ ಪೂರ್ತಿ ಕಂಡಿತು, ಕೆಂಪು ಜ್ಯೇಷ್ಠಾದಿಂದ ಹಿಡಿದು ಬಾಗಿದ ಬಾಲದವರೆಗೆ. ಬಾಲದ ಕೊಂಡಿಯೇ ಮೂಲಾ. ಅದರ ಸಮೀಪದಲ್ಲೇ, ನಮ್ಮ ಬರಿಗಣ್ಣಿಗೆ ಕಾಣದ ಧೂಳಿನ ಆಚೆ, ಹಾಲುಹಾದಿಯ ನಡುಬಿಂದು ಇದೆ. ಅಲ್ಲಿ ಸೂರ್ಯನ 40 ಲಕ್ಷ ಪಟ್ಟು ತೂಕದ ಕಪ್ಪುಕುಳಿಯೊಂದು ಕೂತಿದೆ ಎಂದು ನಕ್ಷತ್ರಗಳ ಓಡಾಟವನ್ನು ವರ್ಷಗಟ್ಟಲೆ ಅಳೆದು ತೋರಿಸಿದವರಲ್ಲಿ ಆಂಡ್ರಿಯಾ ಗೆಜ್ ಒಬ್ಬರು. 2020ರಲ್ಲಿ ಅವರಿಗೆ ನೊಬೆಲ್ ಬಂತು. ಸೂರ್ಯನೂ ಅವನ ಜೊತೆ ನಾವೂ ಆ ಕತ್ತಲೆಯ ಸುತ್ತಲೇ ತಿರುಗುತ್ತಿದ್ದೇವೆ.

ಮೂಲಾದ ದೇವತೆ ನಿರೃತಿ. ಋಗ್ವೇದದ ಕಾಲದಿಂದಲೂ ದೂರ ಹೋಗೆಂದು ಬೇಡಿಕೊಂಡದ್ದು ಇವಳನ್ನೇ. ಅಗ್ನಿಚಯನದ ಯಜ್ಞದಲ್ಲಿ ಇವಳಿಗೆಂದು ಮೂರು ಕಪ್ಪು ಇಟ್ಟಿಗೆಗಳನ್ನು ನೈಋತ್ಯದ ಕಡೆ ಇಟ್ಟು, ಹಿಂದಿರುಗಿ ನೋಡದೆ ಬರುತ್ತಿದ್ದರು. ಆದರೆ ಗಮನಿಸಿ: ಹೆದರಿದರೂ ಅವಳ ಪಾಲನ್ನು ತಪ್ಪಿಸಲಿಲ್ಲ, ಯಜ್ಞವೇದಿ ಕಟ್ಟುವ ಮೊದಲೇ ಕೊಟ್ಟರು. ಇಂದಿಗೂ ವಾಸ್ತು ನೋಡಿ ಕಟ್ಟುವ ಮನೆಗಳಲ್ಲಿ ಯಜಮಾನ ಮಲಗುವ ಕೋಣೆ ನೈಋತ್ಯ ಮೂಲೆಗೇ ಬರಬೇಕು; ಮನೆಯ ಭಾರವೆಲ್ಲ ಅವಳ ದಿಕ್ಕಿನ ಮೇಲೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡುವುದು ಮೂಲಾ ನಕ್ಷತ್ರದ ದಿನವೇ. ಕೋಲಾರದಲ್ಲಿ ಕೋಲಾರಮ್ಮನನ್ನು ಕನ್ನಡಿಯಲ್ಲಿ ನೋಡಿ ಕೈಮುಗಿದ ಜನ ಅದೇ ಗುಡಿಯ ಚೇಳಮ್ಮನ ಮುಂದೆ ನಿಂತು, ಕುಟುಕಬೇಡ ತಾಯಿ ಎಂದು ಕಾಣಿಕೆ ಹಾಕಿ ಬರುತ್ತಾರೆ. ಕಲ್ಲಿನ ಚೇಳಿಗೆ ಅಮ್ಮ ಎನ್ನುವ ನಾಡಿನಲ್ಲಿ ಚೇಳಿನ ಬಾಲದ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಗೆ ಮಾತ್ರ ಬಾಗಿಲು ಹಾಕುತ್ತೇವೆ. ಇದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ, ಇನ್ನು ಆಗುವುದೂ ಇಲ್ಲ.

ಯೋಗಿನಿಯರನ್ನು ಹೊರಹಾಕಿದ ಇನ್ನೊಂದು ಬಗೆಯೂ ಇದೆ. ಉತ್ತರಪ್ರದೇಶದ ಲೋಖರಿ ಎಂಬ ಹಳ್ಳಿಯ ಗುಡ್ಡದಲ್ಲಿದ್ದ ಪ್ರಾಣಿಮುಖದ ಯೋಗಿನಿಯರನ್ನು ಕಳ್ಳರು ಹೊತ್ತೊಯ್ದು ಮಾರಿದರು. ಎಮ್ಮೆಯ ಮುಖದವಳು ಪ್ಯಾರಿಸ್ಸಿನಿಂದ ಮರಳಿ ದೆಹಲಿಗೆ ಬಂದದ್ದು 2013ರಲ್ಲಿ. ಮೇಕೆಮುಖದವಳು ಇಂಗ್ಲೆಂಡಿನ ಮನೆಯೊಂದರ ತೋಟದಲ್ಲಿ ಸಿಕ್ಕಿದಳು. ಲಂಡನ್ನಿನಲ್ಲಿ ಅವಳನ್ನು ಭಾರತಕ್ಕೆ ಒಪ್ಪಿಸಿದ್ದು 2022ರ ಜನವರಿ 14, ಮಕರ ಸಂಕ್ರಾಂತಿಯ ದಿನ. ಇಬ್ಬರೂ ಮರಳಿದರು, ಅವರ ಸುತ್ತು ಮಾತ್ರ ಮತ್ತೆ ಕೂಡಲಿಲ್ಲ.

ಮೂರು ದಿನ ಕಳೆದ ಮೇಲೆ ವಸುಮತಿ ಸ್ನಾನ, ಭೂಮಿ ಮೀಯುವ ದಿನ. ಆಟೋದ ಹುಡುಗ ತನ್ನ ಮನೆಗೆ ಕರೆದೊಯ್ದ. "ಬನ್ನಿ ಮೌಸಿ, ಅಮ್ಮ ಪೋಡ ಪಿಠಾ ಇಟ್ಟಿದ್ದಾಳೆ" ಎಂದ. ಅಕ್ಕಿ, ಉದ್ದು, ಬೆಲ್ಲ, ಕಾಯಿ ಸೇರಿಸಿ ಬಾಳೆಲೆಯಲ್ಲಿ ಸುತ್ತಿ ರಾತ್ರಿಯಿಡೀ ಕೆಂಡದಲ್ಲಿ ಬೇಯಿಸುವ ತಿಂಡಿ ಅದು. ತಳ ಸೀದು ಕಪ್ಪಾದ ಭಾಗವೇ ಬಲು ರುಚಿ. ಅಂಗಳದಲ್ಲಿ ಅವನ ತಾಯಿ ಅರೆಯುವ ಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ನೀರೆರೆದು, ಸಿಂಧೂರವಿಟ್ಟು, ಹೂ ಮುಡಿಸಿದರು. ಅದೇ ಭೂಮಿ. ನಾನು ಅವರಿಗೆ ನಮ್ಮ ತುಳುನಾಡಿನ ಕೆಡ್ಡಸದ ವಿಷಯ ಹೇಳಿದೆ. ಫೆಬ್ರವರಿಯಲ್ಲಿ ಸೂರ್ಯ ಕುಂಭಕ್ಕೆ ದಾಟುವ ಹೊತ್ತಿಗೆ ಅಲ್ಲಿಯೂ ಭೂಮಿ ಮುಟ್ಟಾಗುತ್ತಾಳೆ. ನೆಲ ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಗೆ ತುಳಸಿಕಟ್ಟೆಯ ಬಳಿ ಎಣ್ಣೆ, ಸೀಗೆ, ಅರಿಶಿನ, ಕುಂಕುಮವಿಟ್ಟು ಅವಳನ್ನು ಮೀಯಿಸುತ್ತಾರೆ. ಆ ತಾಯಿ ಕೈ ನಿಲ್ಲಿಸಿ ಕೇಳಿದರು. ಸಾವಿರ ಮೈಲಿಯಾಚೆ ತಮ್ಮ ಅಂಗಳದಂಥದೇ ಅಂಗಳ ಇದೆಯೆಂದು ತಿಳಿದು ಅವರ ಮುಖ ಅರಳಿತು.

ಆಮೇಲೆ ಅಕ್ಕನ ಮಗಳು ತನ್ನ ಹಿಂದಿಯಲ್ಲಿ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟಳು: ನೀವು ಮುಟ್ಟಾದಾಗಲೂ ಹೀಗೆ ಉಯ್ಯಾಲೆ ಕಟ್ಟುತ್ತಿದ್ದರೇ? ಆ ತಾಯಿ ತಲೆಯಾಡಿಸಿದರು. ಅತ್ತೆ ಅಡುಗೆಮನೆಗೂ ದೇವರಕೋಣೆಗೂ ಬಿಡುತ್ತಿರಲಿಲ್ಲ, ಚಾಪೆ ಬೇರೆ, ತಟ್ಟೆ ಬೇರೆ. ನಮ್ಮ ಕಡೆಯೂ ಹಾಗೆಯೇ ಎಂದೆ ನಾನು. "ನನ್ನ ಸೊಸೆಗೆ ಹಾಗಿಲ್ಲ" ಎಂದು ಅವರು ಒಳಗೆ ಕೈ ತೋರಿಸಿದರು. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕಲ್ಲಿಗೆ ಅರಿಶಿನ ಹಚ್ಚುವುದು ಸುಲಭ. ಒಬ್ಬ ಅತ್ತೆ ತನಗಾದದ್ದನ್ನು ಸೊಸೆಗೆ ಆಗಗೊಡದೆ ಇರುವುದು ಕಷ್ಟದ ಪೂಜೆ. ಅದನ್ನು ಆ ಮನೆಯಲ್ಲಿ ಯಾರ ಉಪದೇಶವೂ ಇಲ್ಲದೆ ಮಾಡಿ ಮುಗಿಸಿದ್ದರು.

ಅಲ್ಲಿಂದ ಹೊರಟು ದಾರಿಯಲ್ಲಿರುವಾಗ ಅಕ್ಕನ ಫೋನು ಬಂತು. ಶಿವಮೊಗ್ಗದ ಕಡೆಯ ಒಂದು ಸಂಬಂಧ; ಹುಡುಗನ ಮನೆಯವರು ಜಾತಕ ಕೇಳಿದ್ದಾರೆ. ಮೂಲಾದ ನಾಲ್ಕನೇ ಪಾದಕ್ಕೆ ದೋಷವಿಲ್ಲವೆಂದು ನಮ್ಮ ಕಡೆ ನಂಬಿಕೆ. ಇವಳು ಹುಟ್ಟಿದ್ದು ಮೂರನೇ ಪಾದ ಮುಗಿಯುವ ಹೊತ್ತಿಗೆ. ಅರ್ಧ ಗಂಟೆ ಮುಂದಿಟ್ಟು ಬರೆಸಿದರೆ ಆಯಿತಂತೆ, ಜೋಯಿಸರು ಬರೆದುಕೊಡುತ್ತಾರಂತೆ. ಆಟೋದ ಸದ್ದಿನಲ್ಲಿ ಅಕ್ಕನ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಬೇಡಮ್ಮ" ಎಂದಳು ಇವಳು. "ಹುಟ್ಟಿದ ಹೊತ್ತು ಹಾಗೇ ಇರಲಿ. ಮೂರನೇ ಪಾದ ಅಂತಲೇ ಬರೆಸು."

"ಅವರು ಕೇಳಿದರೆ ಏನು ಹೇಳೋದೇ?"

"ನೀನೇನೂ ಹೇಳಬೇಡ. ಅವರ ನಂಬರ್ ಕಳಿಸು. ಹುಡುಗನ ಹತ್ತಿರ ಅಲ್ಲ, ಅವನ ಅಪ್ಪನ ಹತ್ತಿರ ನಾನೇ ಮಾತಾಡ್ತೀನಿ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನ್ನ ಚಿಕ್ಕಮ್ಮನಿಗೆ ಫೋನು ಕೊಡು" ಎಂದಳು. ನಾನು ತೆಗೆದುಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. "ಅವಳು ಹೇಳಿದ ಹಾಗೇ ಮಾಡಲಾ?" ಎಂದು ಕೇಳಿದಳು. ಮಾಡು ಅಕ್ಕ ಎಂದೆ. ಸಂಜೆಯೊಳಗೆ ನಂಬರ್ ಬಂತು.